ಹೆಗ್ಗೋಡು ಬಿಡದ ಹೆಜ್ಜೆಗಳು: ನೀನಾಸಂ ಎಪ್ಪತ್ತೈದು ವರ್ಷ

ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಎಂಬ ಪೂರ್ತಿ ಹೆಸರು ಈಗ ಫಲಕದಲ್ಲೂ ರಸೀದಿಯಲ್ಲೂ ಉಳಿದಿದೆ. ನಾಡಿಗೆಲ್ಲ ಅದು ನೀನಾಸಂ. ಸಾಗರ ಪೇಟೆಯಿಂದ ಸುಮಾರು 8 ಕಿಲೋಮೀಟರ್ ದೂರದ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ಈ ಸಂಘಕ್ಕೆ 2024ಕ್ಕೆ ಎಪ್ಪತ್ತೈದು ತುಂಬಿತು. ಹವ್ಯಾಸಿ ನಾಟಕ ಸಂಘಗಳಿಗೆ ಇಷ್ಟು ಆಯುಸ್ಸು ಸಿಗುವುದು ಅಪರೂಪ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಕನ್ನಡ ನಾಡಿನ ಊರೂರಲ್ಲಿ ಇಂಥ ಸಂಘಗಳು ಕಣ್ಣು ಬಿಟ್ಟವು. ಹತ್ತಿಪ್ಪತ್ತು ವರ್ಷ ನಾಟಕ ಆಡಿದವು. ಮುಂದಾಳುಗಳು ಕೆಲಸ ಹಿಡಿದು ಪರವೂರಿಗೆ ಹೋದ ಮೇಲೆ ಪರದೆಗಳನ್ನು ಮಡಿಸಿ ದೇವಸ್ಥಾನದ ಅಟ್ಟಕ್ಕೆ ಹಾಕಿದವು. ಹೆಗ್ಗೋಡಿನ ಸಂಘ ಹಾಗಾಗದೆ ಉಳಿದದ್ದು ಹೇಗೆ ಎಂಬುದೇ ಈ ಲೇಖನ ಹುಡುಕುವ ಸಂಗತಿ.

ನನಗೆ ಕಾಣುವ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಬೆಳೆಯುವ ಪ್ರತಿ ಹಂತದಲ್ಲೂ ನೀನಾಸಂಗೆ ಪೇಟೆಗೆ ಹೋಗುವ ದಾರಿ ತೆರೆದಿತ್ತು. ಸಾಗರಕ್ಕೆ ಹೋಗಬಹುದಿತ್ತು, ಶಿವಮೊಗ್ಗಕ್ಕೆ ಹೋಗಬಹುದಿತ್ತು, ಹೆಸರು ಬಂದ ಮೇಲೆ ಬೆಂಗಳೂರಿಗೂ ಹೋಗಬಹುದಿತ್ತು. ಸಂಘ ಊರು ಬಿಡಲಿಲ್ಲ. ಊರಿನವರಿಗೆ ಸಿಗದೇ ಇದ್ದದ್ದನ್ನು ಊರಿಗೇ ತರಿಸಿತು. ಊರಲ್ಲಿ ಮಾಡಿದ್ದನ್ನು ಹೊರಗೆ ಕಳಿಸಿತು. ರಂಗಮಂದಿರ, ಚಿತ್ರಸಮಾಜ, ಶಿಕ್ಷಣ ಕೇಂದ್ರ, ತಿರುಗಾಟ, ಸಂಸ್ಕೃತಿ ಶಿಬಿರ, ಎಲ್ಲವೂ ಈ ಒಂದು ಹಟದಿಂದ ಹುಟ್ಟಿದವು.

1949ಕ್ಕೆ ಮುಂಚಿನ ಸೀಮೆ

ಸಂಘದ ಚರಿತ್ರೆಗೆ ಮೊದಲು ಸೀಮೆಯ ಚರಿತ್ರೆಯನ್ನು ಒಂದಿಷ್ಟು ಹೇಳಬೇಕು. ಸಾಗರ ತಾಲ್ಲೂಕು ಕೆಳದಿ ಅರಸರ ನೆಲ. ಕೆಳದಿ, ಆಮೇಲೆ ಇಕ್ಕೇರಿ, ಆಮೇಲೆ ಬಿದನೂರು ಎಂದು ಅವರ ರಾಜಧಾನಿ ಸರಿಯುತ್ತ ಹೋಯಿತು. ಇಕ್ಕೇರಿಯ ಅಘೋರೇಶ್ವರ ಗುಡಿ ಇಂದಿಗೂ ಆ ಕಾಲದ ಗುರುತಾಗಿ ನಿಂತಿದೆ. ಸಾಗರದ ಗುಡಿಗಾರರ ಗಂಧದ ಕೆತ್ತನೆ ನಾಡಿನಾಚೆಗೂ ಹೆಸರಾಯಿತು. ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ಇಡೀ ಸೀಮೆಯನ್ನು ಪೇಟೆಗೆ ಕರೆತರುತ್ತದೆ. ಯಕ್ಷಗಾನ, ತಾಳಮದ್ದಲೆ ಇಲ್ಲಿನ ಮನೆಮಾತು. ಅಕ್ಷರ ಕಲಿಯದ ರೈತನೂ ಅರ್ಥಧಾರಿಯ ತರ್ಕ ಎಲ್ಲಿ ಸಡಿಲವಾಯಿತೆಂದು ತಟ್ಟನೆ ಹೇಳಬಲ್ಲ ಸೀಮೆ ಇದು. ಮುಂದೆ ಬಂದ ಶೇಕ್ಸ್‌ಪಿಯರ್‌ನಿಗೂ ಬ್ರೆಖ್ಟ್‌ನಿಗೂ ನೆಲ ಹದವಾಗಿದ್ದದ್ದು ಹೀಗೆ. ಹೆಗ್ಗೋಡಿನವರು ಸೊನ್ನೆಯಿಂದ ರಸಿಕರಾದರು ಎಂದು ಹೊರಗಿನವರು ಬರೆಯುವುದುಂಟು. ಅದನ್ನು ಒಪ್ಪಲು ಬಾರದು. ಇಡೀ ರಾತ್ರಿ ಕೂತು ಆಟ ನೋಡುವ, ಮಾರನೇ ದಿನ ಅದರ ಮೇಲೆ ವಾದ ಹೂಡುವ ರೂಢಿ ಅವರಲ್ಲಿ ಮೊದಲೇ ಇತ್ತು.

ಇಲ್ಲದ್ದು ಬೇರೆ ಇತ್ತು. ಅಡಿಕೆ ತೋಟದ ಬದುಕು ಕಣಿವೆಗೊಂದು ಮನೆ, ಗುಡ್ಡಕ್ಕೊಂದು ಕೇರಿ ಎಂಬಂತೆ ಜನರನ್ನು ಚದುರಿಸಿ ಇಡುತ್ತದೆ. ಮಳೆಗಾಲ ಹಿಡಿದರೆ ತಿಂಗಳುಗಟ್ಟಲೆ ಹೊರಗೆ ಕಾಲಿಡುವುದೇ ಕಷ್ಟ. ಕಂಪನಿ ನಾಟಕ ನೋಡಬೇಕೆಂದರೆ ಪೇಟೆಗೆ ನಡೆಯಬೇಕು, ರಾತ್ರಿ ಸೂಡಿ ಬೀಸಿಕೊಂಡು ವಾಪಸಾಗಬೇಕು. ಜನ ಒಟ್ಟಿಗೆ ಸೇರುತ್ತಿದ್ದದ್ದು ಗುಡಿಯಲ್ಲಿ, ಮದುವೆ ಚಪ್ಪರದಲ್ಲಿ, ಅಡಿಕೆ ಸುಲಿಯುವ ರಾತ್ರಿಗಳಲ್ಲಿ. ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತು ಕೈ ಕೆಲಸ ಮಾಡುತ್ತಿದ್ದರೆ ಬಾಯಿ ಲೋಕದ ಸುದ್ದಿಯನ್ನೆಲ್ಲ ಸುಲಿಯುತ್ತಿತ್ತು. ಜಾತಿ, ಒಡೆತನ, ಗೇಣಿಯ ಲೆಕ್ಕ ಯಾವುದೂ ಅಡ್ಡ ಬಾರದೆ ಎಲ್ಲರೂ ಸಮನಾಗಿ ಕೂರುವ ಜಾಗವೊಂದು ಊರಿಗೆ ಬೇಕಾಗಿತ್ತು.

1949ರಿಂದ 1957: ಹುಡುಗರ ಸಂಘ

ಸಂಘ ಕಟ್ಟಿದವರು ಹುಡುಗರು. ಅವರಲ್ಲಿ ಮುಂದೆ ಎಲ್ಲರ ಬಾಯಲ್ಲೂ ಉಳಿದ ಹೆಸರು ಕೆ.ವಿ. ಸುಬ್ಬಣ್ಣ. 1932ರ ಫೆಬ್ರವರಿಯಲ್ಲಿ ಹುಟ್ಟಿದ ಸುಬ್ಬಣ್ಣನವರಿಗೆ ಆಗ ಹದಿನೇಳು ವರ್ಷ. ಊರ ದೇವರಾದ ನೀಲಕಂಠೇಶ್ವರನ ಹೆಸರನ್ನೇ ಸಂಘಕ್ಕೆ ಇಟ್ಟರು. ದೇವರ ಹೆಸರಿದ್ದರೆ ಊರು ತನ್ನದೆಂದು ಒಪ್ಪುತ್ತದೆ, ಹಿರಿಯರೂ ಜೊತೆಗೆ ನಿಲ್ಲುತ್ತಾರೆ. ಹಣವಿಲ್ಲ, ಕಟ್ಟಡವಿಲ್ಲ. ಅಡಿಕೆ ದಬ್ಬೆ, ಸೋಗೆ, ಬಿದಿರು ಯಾವ ಮನೆಯಲ್ಲೂ ಸಿಗುತ್ತವೆ, ಚಪ್ಪರ ಹಾಕುವ ಕೈಗಳೂ ಇವೆ. ನಾಟಕಕ್ಕೆ ಅಷ್ಟಾದರೆ ಸಾಕಾಗಿತ್ತು.

ಆ ಹೊತ್ತಿನ ಗಾಳಿಯನ್ನೂ ನೆನೆಯಬೇಕು. ಜೋಗದ ವಿದ್ಯುದಾಗಾರ ಕೆಲಸ ಶುರು ಮಾಡಿ ಒಂದು ವರ್ಷವಾಗಿತ್ತಷ್ಟೆ. ಸೀಮೆಯ ನೀರಿನಿಂದ ಹುಟ್ಟಿದ ಬೆಳಕು ದೂರದ ಪಟ್ಟಣಗಳಿಗೆ ಹೋಗುತ್ತಿತ್ತು. ಸಂಘಕ್ಕೆ ಎರಡು ವರ್ಷ ತುಂಬುವ ಹೊತ್ತಿಗೆ, 1951ರಲ್ಲಿ, ಇದೇ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ಎದ್ದಿತು. ಗೇಣಿ ಅಳೆಯುವ ಕೊಳಗದ ಗಾತ್ರದಿಂದ ಮೊದಲಾದ ವ್ಯಾಜ್ಯ ಉಳುವವನಿಗೆ ನೆಲ ಬೇಕೆನ್ನುವ ಹೋರಾಟವಾಯಿತು. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡ ಮುಂದೆ ನಿಂತರು. ರಾಮಮನೋಹರ ಲೋಹಿಯಾ ಬಂದು ಸೆರೆಯಾದರು. ಈ ಚಳವಳಿಯ ಮಾತು ಮುಟ್ಟದ ಮನೆ ಸೀಮೆಯಲ್ಲಿರಲಿಲ್ಲ. ಒಡೆಯರ ಮನೆ, ಒಕ್ಕಲ ಮನೆ ಎರಡರ ಹುಡುಗರೂ ಬೆಳೆದದ್ದು ಈ ಮಾತುಗಳ ನಡುವೆಯೇ. ಸುಬ್ಬಣ್ಣನವರು ಲೋಹಿಯಾ ಸಮಾಜವಾದವನ್ನು ಕೊನೆಯವರೆಗೆ ಹಚ್ಚಿಕೊಂಡವರು. ಸಂಘ ಪಕ್ಷ ರಾಜಕಾರಣಕ್ಕೆ ಇಳಿಯದಿದ್ದರೂ ಅಧಿಕಾರದಂತೆ ಅರಿವೂ ರಾಜಧಾನಿಯೊಂದರಲ್ಲೇ ಕೂಡಿಬೀಳಬಾರದು ಎಂಬ ವಿಚಾರ ಅಲ್ಲಿ ಆಳವಾಗಿ ಬೇರುಬಿಟ್ಟಿತು.

ಸುಬ್ಬಣ್ಣ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿದರು. ಕುವೆಂಪು ಅವರ ಪ್ರಭಾವ ಗಾಢವಾಗಿದ್ದ ದಿನಗಳವು. ಪದವಿ ಪಡೆದವರು ಮಾಸ್ತರಿಕೆಗೋ ಅಮಲ್ದಾರಿಕೆಗೋ ಸೇರುವುದು ಆಗಿನ ರೂಢಿ. ಅವರು ತೋಟಕ್ಕೆ ಮರಳಿದರು. ಎಪ್ಪತ್ತೈದು ವರ್ಷದ ಈ ಕಥೆಯ ತಿರುವು ಯಾವುದೆಂದು ಕೇಳಿದರೆ ನಾನು ಪ್ರಶಸ್ತಿಯನ್ನೂ ಕಟ್ಟಡವನ್ನೂ ಬಿಟ್ಟು ಈ ಮರಳುವಿಕೆಯನ್ನೇ ಹೇಳುತ್ತೇನೆ.

1957ರಿಂದ 1972: ಪುಸ್ತಕ, ಆಮೇಲೆ ಮಂದಿರ

1957ರಲ್ಲಿ ಅಕ್ಷರ ಪ್ರಕಾಶನ ಶುರುವಾಯಿತು. ಪುಸ್ತಕೋದ್ಯಮವೆಂದರೆ ಧಾರವಾಡ, ಮೈಸೂರು, ಬೆಂಗಳೂರು ಎನ್ನುವ ಕಾಲದಲ್ಲಿ ಹಳ್ಳಿಯ ಅಂಚೆ ಪೆಟ್ಟಿಗೆಯನ್ನು ನಂಬಿ ಒಂದು ಪ್ರಕಾಶನ ಎದ್ದಿತು. ಕಾನೂನಿನ ಲೆಕ್ಕಕ್ಕೆ ಪ್ರಕಾಶನ ಬೇರೆ, ಸಂಘ ಬೇರೆ. ಆದರೆ ಎರಡನ್ನೂ ನಡೆಸಿದ ಮನಸ್ಸು ಒಂದೇ. ನವ್ಯದ ಹೊಸ ಬರಹ, ವಿಮರ್ಶೆ, ನಾಟಕ, ಮುಂದೆ ಸಿನಿಮಾ ಕುರಿತ ಕನ್ನಡ ಪುಸ್ತಕಗಳು ಇಲ್ಲಿಂದ ಹೊರಟವು. ಯು.ಆರ್. ಅನಂತಮೂರ್ತಿಯವರ ಕೃತಿಗಳ ಮುದ್ರಣಗಳೂ ಇಲ್ಲಿಂದ ಬಂದವು. ಕವಿ ಗೋಪಾಲಕೃಷ್ಣ ಅಡಿಗರು 1960ರ ದಶಕದಲ್ಲಿ ಸಾಗರದ ಲಾಲ್ ಬಹದ್ದೂರ್ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ಆ ವರ್ಷಗಳಲ್ಲಿ ಕನ್ನಡದ ಹೊಸ ಕಾವ್ಯದ ಚರ್ಚೆ ಈ ಪುಟ್ಟ ಪೇಟೆಯ ಸುತ್ತಲೂ ಬಿಸಿಯಾಗಿತ್ತು.

ಅದೇ ದಶಕದಲ್ಲಿ ಸೀಮೆಗೆ ದೊಡ್ಡ ಪೆಟ್ಟೂ ಬಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಎದ್ದಿತು. ಶರಾವತಿ ಹಿನ್ನೀರಿನಲ್ಲಿ ಹಳ್ಳಿಗಳು, ಗದ್ದೆಗಳು, ತೋಟಗಳು, ಗುಡಿಗಳು ಮುಳುಗಿದವು. ತಲೆಮಾರುಗಳಿಂದ ನೆಲೆ ನಿಂತವರು ಗಂಟುಮೂಟೆ ಕಟ್ಟಿದರು. ಇಂಥ ಹೊತ್ತಿನಲ್ಲಿ ಊರಲ್ಲೇ ನಿಲ್ಲುತ್ತೇವೆ, ಊರಲ್ಲೇ ಕಟ್ಟುತ್ತೇವೆ ಎನ್ನುವ ಮಾತಿಗೆ ಇದ್ದ ಭಾರವನ್ನು ಇಂದಿನ ಓದುಗರು ಊಹಿಸಿಕೊಳ್ಳಬೇಕು.

1972ರಲ್ಲಿ ರಂಗಮಂದಿರವಾಯಿತು. ಅದಕ್ಕೆ ಶಿವರಾಮ ಕಾರಂತರ ಹೆಸರಿಟ್ಟರು. ಕಾರಂತರು ಆಗ ಬದುಕಿದ್ದರು, ಬರೆಯುತ್ತಿದ್ದರು, ಯಕ್ಷಗಾನದ ಪ್ರಯೋಗಗಳಲ್ಲಿ ತೊಡಗಿದ್ದರು. ಅವರಿಗೆ ಜ್ಞಾನಪೀಠ ಬಂದದ್ದು ಇದಾಗಿ ಐದು ವರ್ಷದ ಮೇಲೆ, 1977ರಲ್ಲಿ. ಪುತ್ತೂರಿನಂಥ ಸಣ್ಣ ಊರಲ್ಲಿ ನೆಲೆಸಿ ಲೋಕದ ವಿದ್ಯೆಯನ್ನೆಲ್ಲ ಮೈಗೂಡಿಸಿಕೊಂಡ ಕಾರಂತರಿಗಿಂತ ಹೊಂದುವ ಹೆಸರು ಈ ಮಂದಿರಕ್ಕೆ ಬೇರೆ ಸಿಗುತ್ತಿರಲಿಲ್ಲ.

ಈ ಕಟ್ಟಡ ಊರಿಗೆ ಏನು ಮಾಡಿತು? ಅದುವರೆಗೆ ನಾಟಕಕ್ಕೊಂದು ಕಾಲವಿತ್ತು. ಮಳೆ ನಿಂತ ಮೇಲೆ, ಕೊನೆ ಕೊಯ್ಲಿನ ಗಡಿಬಿಡಿ ಹತ್ತುವ ಮುಂಚೆ, ಇಲ್ಲವೇ ಕೊಯ್ಲು ಮುಗಿದ ಬೇಸಗೆಯಲ್ಲಿ. ಸೂರು ಬಂದ ಮೇಲೆ ಆಷಾಢದ ಮಳೆಯಲ್ಲೂ ತಾಲೀಮು ನಡೆಸಬಹುದಾಯಿತು. ದೀಪ, ಪರದೆ, ಪ್ರಸಾಧನದ ಕೋಣೆ, ಶಿಸ್ತಿನ ರಂಗ ಎಲ್ಲವೂ ಹಳ್ಳಿಯವರ ಕೈಗೆ ಸಿಕ್ಕವು. ಹೊರಗಿನ ತಂಡಗಳನ್ನು ಕರೆಸಲು ಮುಖ ಬಂತು. ಹಲವು ಜಿಲ್ಲಾ ಕೇಂದ್ರಗಳಲ್ಲೇ ನಾಟಕಕ್ಕೆ ತಕ್ಕ ಮಂದಿರವಿಲ್ಲದ ಕಾಲವದು. ಅಂಥದ್ದರಲ್ಲಿ ಅಡಿಕೆ ತೋಟಗಳ ನಡುವೆ ಸುಸಜ್ಜಿತ ರಂಗಮಂದಿರವಿದೆ ಎಂಬ ಸುದ್ದಿ ನಾಡಿನ ರಂಗಕರ್ಮಿಗಳನ್ನು ಹೆಗ್ಗೋಡಿನ ಕಡೆ ತಿರುಗಿಸಿತು.

1973ರಿಂದ 1979: ತೋಟಕ್ಕೆ ಬಂದ ಸಿನಿಮಾ

ಮಂದಿರವಾದ ಮಾರನೇ ವರ್ಷ, 1973ರಲ್ಲಿ, ನೀನಾಸಂ ಚಿತ್ರಸಮಾಜ ಶುರುವಾಯಿತು. ಚಿತ್ರಸಮಾಜಗಳೆಂದರೆ ಆಗ ನಗರದ ವಿದ್ಯಾವಂತರ ಕೂಟಗಳು. ಜಗತ್ತಿನ ಶ್ರೇಷ್ಠ ಚಿತ್ರಗಳು ನಮ್ಮಲ್ಲಿ ಸಿಗುತ್ತಿದ್ದದ್ದು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ. ಅದನ್ನು ಕಟ್ಟಿ ಬೆಳೆಸಿದ ಪಿ.ಕೆ. ನಾಯರ್ ಪೆಟ್ಟಿಗೆಯಲ್ಲಿ ಕೂತ ಚಿತ್ರ ಜನರಿಗೆ ತಲುಪಲೇಬೇಕು ಎಂದು ನಂಬಿದವರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಅಧ್ಯಾಪಕ ಸತೀಶ್ ಬಹಾದ್ದೂರ್ ಸಿನಿಮಾ ನೋಡುವುದನ್ನು ಕಲಿಸಬಹುದು ಎಂದು ಊರೂರು ತಿರುಗಿದವರು. ಇವರಿಬ್ಬರ ನೆರವು ಹೆಗ್ಗೋಡಿಗೆ ಒದಗಿತು. ರೀಲಿನ ಡಬ್ಬಗಳು ಪುಣೆಯಿಂದ ಸಾಗರದ ದಾರಿ ಹಿಡಿದವು.

1970ರ ದಶಕ ಮುಗಿಯುವ ಹೊತ್ತಿಗೆ ಹೆಗ್ಗೋಡಿನಲ್ಲಿ ಚಿತ್ರೋತ್ಸವ, ರಸಗ್ರಹಣ ಶಿಬಿರಗಳು ನಡೆಯತೊಡಗಿದ್ದವು. ‘ಪಥೇರ್ ಪಾಂಚಾಲಿ’, ‘ಬೈಸಿಕಲ್ ಥೀವ್ಸ್’, ‘ರಾಶೋಮನ್’ ಚಿತ್ರಗಳನ್ನು ತೋಟದ ಕೆಲಸ ಮುಗಿಸಿ ಬಂದವರು ಕೂತು ನೋಡಿದರು. ಭಾಷೆ ಬಂಗಾಳಿಯೋ ಇಟಾಲಿಯನ್ನೋ ಜಪಾನಿಯೋ, ಅಡಿಬರಹ ಇಂಗ್ಲಿಷು. ಆದ್ದರಿಂದ ಚಿತ್ರಕ್ಕೆ ಮುಂಚೆ ಕನ್ನಡದಲ್ಲಿ ಕಥೆಯ ಜಾಡು ಹೇಳುವ, ಆಮೇಲೆ ಮಾತುಕತೆಗೆ ಕೂರುವ ಪದ್ಧತಿ ಬೆಳೆಯಿತು. ‘ಬೈಸಿಕಲ್ ಥೀವ್ಸ್’ನಲ್ಲಿ ಕಳುವಾದದ್ದು ಒಂದು ಸೈಕಲ್. ಕೂಲಿಯ ದಾರಿ ಅದೊಂದನ್ನೇ ನಂಬಿದೆ. ಮಗನ ಕೈ ಹಿಡಿದು ಊರೆಲ್ಲ ಹುಡುಕುವ ಅಪ್ಪ ಕೊನೆಗೆ ತಾನೇ ಇನ್ನೊಬ್ಬರ ಸೈಕಲ್ ಕದಿಯಹೋಗಿ ಮಗನ ಕಣ್ಣೆದುರೇ ಸಿಕ್ಕಿಬೀಳುತ್ತಾನೆ. ಸೈಕಲ್ಲೇ ಮನೆಯ ದೊಡ್ಡ ಆಸ್ತಿಯಾಗಿದ್ದ ಊರಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾದ ಪ್ರಮೇಯ ಬರಲಿಲ್ಲ. ಎಷ್ಟೋ ವರ್ಷದ ಮೇಲೆ, ಪಿ.ಕೆ. ನಾಯರ್ ಅವರನ್ನು ಕುರಿತು ಶಿವೇಂದ್ರ ಸಿಂಗ್ ಡುಂಗರ್‌ಪುರ್ ಮಾಡಿದ ‘ಸೆಲ್ಯುಲಾಯ್ಡ್ ಮ್ಯಾನ್’ ಎಂಬ 2012ರ ಸಾಕ್ಷ್ಯಚಿತ್ರದಲ್ಲಿ ಹೆಗ್ಗೋಡಿನವರು ತಾವು ನೋಡಿದ ಈ ಚಿತ್ರಗಳನ್ನು ನೆನೆದು ಮಾತಾಡುತ್ತಾರೆ. ಆ ಮಾತಿನಲ್ಲಿ ಪಾಂಡಿತ್ಯದ ಸೋಗಿಲ್ಲ. ನೆರೆಮನೆಯ ಸಂಗತಿ ಹೇಳುವ ಹತ್ತಿರತನ ಅದರಲ್ಲಿದೆ.

ಹಳ್ಳಿಯವರಿಗೆ ಸರಳವಾದದ್ದನ್ನು ಕೊಟ್ಟರೆ ಸಾಕು ಎಂಬ ದಯೆಯ ಧೋರಣೆ ಸರ್ಕಾರಿ ಯೋಜನೆಗಳಲ್ಲಿ ಆಗಲೂ ಇತ್ತು, ಈಗಲೂ ಇದೆ. ಹೆಗ್ಗೋಡು ಅದನ್ನು ಒಪ್ಪಲಿಲ್ಲ. ಜಗತ್ತಿನ ಒಳ್ಳೆಯದೆಲ್ಲ ತನಗೂ ಸಲ್ಲಬೇಕು ಎಂದಿತು. ಸಾಮಾಜಿಕ ನ್ಯಾಯದ ಮಾತನ್ನು ಕಲೆಗೂ ಹೀಗೆ ನೇರವಾಗಿ ಹಬ್ಬಿಸಿದ ಸಂಘ ಕನ್ನಡದಲ್ಲಿ ಬೇರೊಂದು ಹೊಳೆಯುವುದಿಲ್ಲ.

1980ರಿಂದ 1985: ಶಾಲೆ, ಸ್ಪಂದನ, ತಿರುಗಾಟ

ಈ ಐದು ವರ್ಷಗಳಲ್ಲಿ ಸಂಘದ ರೂಪವೇ ಬದಲಾಯಿತು. 1980ರಲ್ಲಿ ನೀನಾಸಂ ರಂಗಶಿಕ್ಷಣ ಕೇಂದ್ರ ಆರಂಭವಾಯಿತು. ರಂಗಶಿಕ್ಷಣ ಬೇಕೆಂದವರು ಅದುವರೆಗೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋಗಬೇಕಾಗಿತ್ತು. ಅಲ್ಲಿ ಹಿಂದಿ ಬೇಕು, ಇಂಗ್ಲಿಷ್ ಬೇಕು, ಮನೆಯ ಅನುಕೂಲವೂ ಬೇಕು. ಕೂಲಿ ಮನೆಯ, ಒಕ್ಕಲು ಮನೆಯ, ಸಣ್ಣ ಪೇಟೆಯ ಹುಡುಗ ಹುಡುಗಿಯರು ಕನ್ನಡದಲ್ಲೇ ಕಲಿಯುವ ಶಾಲೆ ಹೆಗ್ಗೋಡಿನಲ್ಲಿ ಸಿಕ್ಕಿತು. ದೆಹಲಿಯಲ್ಲಿ ಕಲಿತು ಬಂದ ಚಿದಂಬರರಾವ್ ಜಂಬೆ, ಕೆ.ವಿ. ಅಕ್ಷರ ಇಲ್ಲಿ ಪಾಠಕ್ಕೆ ನಿಂತರು. ರಂಗನಿರ್ದೇಶಕ ಬಿ.ವಿ. ಕಾರಂತರು ತಮ್ಮ ಸಂಗೀತ, ತಮ್ಮ ಹುಮ್ಮಸ್ಸು ಎರಡನ್ನೂ ತಂದರು. ಬೆಳಗಿನ ವ್ಯಾಯಾಮದಿಂದ ರಾತ್ರಿಯ ತಾಲೀಮಿನವರೆಗೆ ದಿನವೆಲ್ಲ ಪಾಠ. ಯಕ್ಷಗಾನದ ಹೆಜ್ಜೆ, ಮಾತು, ಹಾಡು, ರಂಗಸಜ್ಜಿಕೆ, ಬೆಳಕು, ಪ್ರಸಾಧನ, ನಾಟಕ ಸಾಹಿತ್ಯ ಎಲ್ಲವನ್ನೂ ಕಲಿಯಬೇಕು. ಕಸ ಗುಡಿಸುವುದು, ಮೊಳೆ ಹೊಡೆಯುವುದು ಕೂಡ ಪಾಠವೇ. ಮಂಡ್ಯ ರಮೇಶ್, ಅಚ್ಯುತ್ ಕುಮಾರ್, ಹೆಸರಿನ ಜೊತೆಗೇ ನೀನಾಸಂ ಎಂದು ಇಟ್ಟುಕೊಂಡ ಸತೀಶ್ ಇವರೆಲ್ಲ ಈ ಶಾಲೆಯವರೆಂದು ಸಿನಿಮಾ ನೋಡುವವರಿಗೆ ಗೊತ್ತು. ಆದರೆ ಪದವೀಧರರಲ್ಲಿ ಬಹಳ ಮಂದಿ ತಮ್ಮ ಊರಿನ ಶಾಲೆಗಳಲ್ಲಿ, ತಂಡಗಳಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತ ಉಳಿದರು. ಸಂಘ ಹೆಚ್ಚು ಹೆಮ್ಮೆ ಪಡಬೇಕಾದದ್ದು ಅವರ ಬಗ್ಗೆ ಎಂದು ನನ್ನ ಭಾವನೆ.

1983ರಿಂದ 1985ರವರೆಗೆ ಜನಸ್ಪಂದನ ಯೋಜನೆ ನಡೆಯಿತು. ಕರ್ನಾಟಕದ ಹಳ್ಳಿ ಪೇಟೆಗಳಲ್ಲಿ ನಾಟಕ ಶಿಬಿರ, ಚಿತ್ರ ಪ್ರದರ್ಶನ, ರಸಗ್ರಹಣದ ತರಗತಿಗಳಾದವು. ಉತ್ತರ ಕನ್ನಡದ ಮಂಚಿಕೇರಿ ಸೀಮೆಯ ಸಿದ್ದಿ ಸಮುದಾಯದವರೊಡನೆ ಜಂಬೆಯವರು ಚಿನುವ ಅಚಿಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯನ್ನು ಆಧರಿಸಿದ ನಾಟಕ ಮಾಡಿಸಿದ್ದು ಈ ಹುರುಪಿನ ದಿನಗಳಲ್ಲೇ. ಆಫ್ರಿಕಾದ ಮೂಲದಿಂದ ಬಂದು ಶತಮಾನಗಳಿಂದ ಮಲೆನಾಡಿನ ಕಾಡಂಚಿನಲ್ಲಿ ಬದುಕಿದ ಜನ, ಆಫ್ರಿಕಾದ ಲೇಖಕನ ಕಥೆಯನ್ನು ಕನ್ನಡದಲ್ಲಿ ಆಡಿದರು. ಆ ನಾಟಕದಿಂದ ಮೊದಲಾಗಿ ಸಿದ್ದಿ ಹುಡುಗ ಹುಡುಗಿಯರಿಗೆ ರಂಗಭೂಮಿಯ ಬಾಗಿಲು ತೆರೆಯಿತು.

ಜನಸ್ಪಂದನಕ್ಕೆ ಫೋರ್ಡ್ ಪ್ರತಿಷ್ಠಾನದ ಅನುದಾನವಿತ್ತು. ಹೊರದೇಶದ ಹಣ ಪಡೆಯುವುದು ಸರಿಯೇ ಎಂಬ ಪ್ರಶ್ನೆ ಕನ್ನಡದ ಸಾಂಸ್ಕೃತಿಕ ವಲಯದಲ್ಲಿ ಎದ್ದಿತು. ಸ್ನೇಹಿತರೇ ಎರಡು ಬದಿಗೆ ನಿಂತು ವಾದಿಸಿದ್ದುಂಟು. ಹವ್ಯಾಸಿಗಳ ಸಂಘ ಹೀಗೆ ಯೋಜನೆ, ಸಂಬಳ, ವರದಿಗಳ ಸಂಸ್ಥೆಯಾದರೆ ಊರಿನವರ ಕೈ ತಪ್ಪೀತೆಂಬ ಕಳವಳವೂ ಇತ್ತು. ಕಳವಳಪಟ್ಟವರು ಸಂಘದ ಮೇಲೆ ಪ್ರೀತಿ ಇದ್ದವರೇ. ಅವರ ಮಾತನ್ನು ಸಂಘ ಕೇಳಿಸಿಕೊಂಡಿತು ಎನ್ನಲು ಆಮೇಲಿನ ಹೆಜ್ಜೆಯೇ ಸಾಕ್ಷಿ. ಅನುದಾನದ ಅವಧಿ ಮುಗಿದ 1985ರಲ್ಲಿಯೇ ತಿರುಗಾಟ ಎಂಬ ಸಂಚಾರಿ ನಾಟಕ ತಂಡ ಹೊರಟಿತು. ಊರಿನವರು ಹಣ ಕೊಟ್ಟು ಕರೆಸಿಕೊಂಡರೆ ಮಾತ್ರ ಅದರ ಬಂಡಿ ಮುಂದೆ ಹೋಗುತ್ತದೆ.

1985ರಿಂದ ಇಂದಿನವರೆಗೆ: ತಿರುಗಾಟದ ಒಂದು ದಿನ

ತಿರುಗಾಟದ ಕ್ರಮ ಸರಳ. ಮಳೆಗಾಲದಲ್ಲಿ ಹೆಗ್ಗೋಡಿನಲ್ಲಿ ತಾಲೀಮು. ಕೆಲ ಕಾಲ ಮೂರು ನಾಟಕಗಳಿದ್ದವು, ಈಚಿನ ವರ್ಷಗಳಲ್ಲಿ ಎರಡು. ಮಳೆ ಹಿಂದೆ ಸರಿದ ಮೇಲೆ ತಂಡ ಹೊರಡುತ್ತದೆ. ಬೇಸಗೆ ಬರುವುದರೊಳಗೆ ನಾಡಿನ ಉದ್ದಗಲದಲ್ಲಿ ನೂರಕ್ಕೂ ಹೆಚ್ಚು ಪ್ರದರ್ಶನಗಳನ್ನು ಕೊಟ್ಟ ವರ್ಷಗಳಿವೆ. ಕರೆಸುವವರು ಆಯಾ ಊರಿನ ಸಾಹಿತ್ಯ ಸಂಘ, ಶಿಕ್ಷಕರ ಬಳಗ, ಯುವಕ ಸಂಘ, ಕಾಲೇಜು. ಗೊತ್ತಾದ ಸಂಭಾವನೆ ಅವರ ಹೊಣೆ. ಊಟ ವಸತಿ ಅವರದು, ಟಿಕೆಟ್ ಮಾರುವುದೂ ಅವರೇ.

ತಂಡದ ವಾಹನ ಊರು ತಲುಪಿದ ಮೇಲೆ ನಡೆಯುವುದನ್ನು ಹತ್ತಿರ ನಿಂತು ನೋಡಬೇಕು. ರಾತ್ರಿ ರಾಜನಾಗುವವನೇ ಮಧ್ಯಾಹ್ನ ಪೆಟ್ಟಿಗೆ ಇಳಿಸುತ್ತಾನೆ. ರಾಣಿ ವೇಷದವಳು ಉಡುಪುಗಳಿಗೆ ಇಸ್ತ್ರಿ ಹಾಕುತ್ತಾಳೆ. ಕಲ್ಯಾಣ ಮಂಟಪವಾದರೆ ಹಿಂದಿನ ಗೋಡೆಯ ಬಣ್ಣದ ಚಿತ್ತಾರ ಮುಚ್ಚಬೇಕು, ಶಾಲೆಯ ಅಂಗಳವಾದರೆ ಗಾಳಿಗೆ ಪರದೆ ಹಾರದಂತೆ ಬಿಗಿಯಬೇಕು. ಒಬ್ಬರು ಏಣಿ ಹತ್ತಿ ದೀಪ ಕಟ್ಟುತ್ತಾರೆ, ಕೆಳಗಿದ್ದವರು ವೈರು ಎಳೆಯುತ್ತಾರೆ. ನಿನ್ನೆಯ ರಂಗ ಅಗಲವಿತ್ತು, ಇವತ್ತಿನದು ಇಕ್ಕಟ್ಟು. ಆದ್ದರಿಂದ ನಡೆಯ ಅಳತೆಯನ್ನು ಮತ್ತೆ ಹಾಕಿಕೊಳ್ಳಬೇಕು. ಸಂಜೆ ನಾಟಕ. ಚಪ್ಪಾಳೆ ನಿಂತೊಡನೆ ಬಣ್ಣ ಅಳಿಸಿ ಎಲ್ಲವನ್ನೂ ಬಿಚ್ಚಿ ಮತ್ತೆ ವಾಹನಕ್ಕೆ ಏರಿಸಬೇಕು. ಊರವರ ಊಟ, ನಾಲ್ಕು ಮಾತು, ನಿದ್ದೆ. ಬೆಳಗಾದರೆ ಮುಂದಿನ ಊರು.

ಶೇಕ್ಸ್‌ಪಿಯರ್, ಬ್ರೆಖ್ಟ್, ಕಾಳಿದಾಸರಿಂದ ಹಿಡಿದು ಕನ್ನಡದ ಹೊಸ ನಾಟಕಕಾರರವರೆಗೆ ಎಲ್ಲರನ್ನೂ ತಿರುಗಾಟ ಹೊತ್ತು ತಂದಿದೆ. ಪು.ತಿ.ನ. ಅವರ ಗೀತನಾಟಕ ‘ಗೋಕುಲ ನಿರ್ಗಮನ’ ಓದುವುದಕ್ಕೆ ಮಾತ್ರ ಎಂದು ಬಹಳ ಮಂದಿ ಬದಿಗಿಟ್ಟಿದ್ದರು. 1993ರಲ್ಲಿ ಬಿ.ವಿ. ಕಾರಂತರು ಅದಕ್ಕೆ ಸಂಗೀತದ ಜೀವ ಕೊಟ್ಟು ರಂಗಕ್ಕೆ ತಂದರು. ತಿರುಗಾಟದಲ್ಲಿ ಅದನ್ನು ಕಂಡವರು ಇಂದಿಗೂ ಅದರ ಮಾತು ಬಂದರೆ ಮುಖ ಅರಳಿಸುತ್ತಾರೆ. ವರ್ಷವರ್ಷವೂ ಬರುವ ಈ ತಂಡಕ್ಕಾಗಿಯೇ ಎಷ್ಟೋ ಊರುಗಳಲ್ಲಿ ಸಂಘಟಕರ ಬಳಗಗಳು ಹುಟ್ಟಿಕೊಂಡವು. ಸಾಣೇಹಳ್ಳಿಯ ಶಿವಸಂಚಾರ 1997ರಿಂದ ನಾಡು ಸುತ್ತುತ್ತಿದೆ. ಈ ಬಗೆಯ ಸಂಚಾರಿ ತಂಡಗಳಿಗೆ ಹೆಗ್ಗೋಡು ಹಾಕಿದ ಜಾಡು ಕಣ್ಣೆದುರಿಗಿತ್ತು.

ಸಂಸ್ಕೃತಿ ಶಿಬಿರ, ಮನ್ನಣೆ, ಸುಬ್ಬಣ್ಣನವರ ನಿರ್ಗಮನ

ಚಿತ್ರ ರಸಗ್ರಹಣ ಶಿಬಿರವೇ ಮೆಲ್ಲಗೆ ಅಗಲವಾಗಿ ಸಂಸ್ಕೃತಿ ಶಿಬಿರವಾಯಿತು. ಸಿನಿಮಾ ನೋಡಲು ಕಾವ್ಯ ಬೇಕು, ಕಾವ್ಯಕ್ಕೆ ಸಮಾಜದ ತಿಳಿವು ಬೇಕು, ಅದಕ್ಕೆ ಸಂಗೀತ, ಚಿತ್ರ, ಚರಿತ್ರೆ, ವಿಜ್ಞಾನ ಎಲ್ಲವೂ ಬೇಕು ಎಂಬುದು ಕಾರ್ಯಕ್ರಮದ ಪಟ್ಟಿಯನ್ನು ಹಿಗ್ಗಿಸುತ್ತ ಹೋಯಿತು. ಯು.ಆರ್. ಅನಂತಮೂರ್ತಿಯವರು ದೀರ್ಘ ಕಾಲ ಇದರ ಚರ್ಚೆಗಳನ್ನು ನಡೆಸಿದರು. ಟಿ.ಜಿ. ವೈದ್ಯನಾಥನ್ ಸಿನಿಮಾದ ಒಳಗುಟ್ಟು ಬಿಡಿಸಿದರು. ಡಿ.ಆರ್. ನಾಗರಾಜರ ಮಾತು ಕೇಳಿ ಓದಿನ ದಿಕ್ಕನ್ನೇ ಬದಲಿಸಿಕೊಂಡವರಿದ್ದಾರೆ. ಶಿಬಿರ ನಡೆಯುವ ಅಕ್ಟೋಬರಿನ ದಿನಗಳಲ್ಲಿ ಮೇಷ್ಟರು, ವಿದ್ಯಾರ್ಥಿನಿ, ಬ್ಯಾಂಕಿನ ಗುಮಾಸ್ತ, ಗೃಹಿಣಿ, ಅಡಿಕೆ ಬೆಳೆಗಾರ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ. ಬೆಳಗ್ಗೆ ಉಪನ್ಯಾಸ, ಮಧ್ಯಾಹ್ನ ವಾದ, ಸಂಜೆ ನಾಟಕ, ಮರುದಿನ ಆ ನಾಟಕದ್ದೇ ವಿಮರ್ಶೆ. ನಿರ್ದೇಶಕ ಎದುರಿಗೇ ಕೂತು ಕೇಳಿಸಿಕೊಳ್ಳಬೇಕು. ಇಲ್ಲಿ ಮೊದಲ ಸಲ ಕೈ ಎತ್ತಿ ಪ್ರಶ್ನೆ ಕೇಳಿದವರು ಮುಂದೆ ಲೇಖಕರಾದದ್ದೂ ಇದೆ. ಸಂಘದ ‘ಮಾತುಕತೆ’ ಪತ್ರಿಕೆ ಶಿಬಿರಕ್ಕೆ ಬಾರದವರಿಗೂ ಈ ವಿಚಾರಗಳನ್ನು ಮುಟ್ಟಿಸಿತು.

1991ರಲ್ಲಿ ಸುಬ್ಬಣ್ಣನವರಿಗೆ ರೇಮನ್ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಪತ್ರಿಕೋದ್ಯಮ, ಸಾಹಿತ್ಯ ಮತ್ತು ಸೃಜನಶೀಲ ಸಂವಹನ ಕಲೆಗಳ ವಿಭಾಗದ ಗೌರವ ಅದು. ಗ್ರಾಮೀಣ ಕರ್ನಾಟಕಕ್ಕೆ ಜಗತ್ತಿನ ಉತ್ತಮ ಚಿತ್ರಗಳನ್ನೂ ಜೀವಂತ ರಂಗಭೂಮಿಯನ್ನೂ ತಲುಪಿಸಿದ್ದಕ್ಕಾಗಿ ಅದನ್ನು ಕೊಟ್ಟರು. ಒಬ್ಬರ ಕೊರಳಿಗೆ ಬಿದ್ದ ಹಾರದಲ್ಲಿ ಇಡೀ ಸೀಮೆಯ ಪಾಲಿತ್ತು. ದೇಶವಿದೇಶದ ವಿದ್ವಾಂಸರು ಹೆಗ್ಗೋಡನ್ನು ನಕ್ಷೆಯಲ್ಲಿ ಹುಡುಕತೊಡಗಿದರು. ರಂಗನಿರ್ದೇಶಕ ಪ್ರಸನ್ನ ಸಮೀಪದ ಭೀಮನಕೋಣೆಯಲ್ಲಿ ನೆಲೆಸಿ ಚರಕ ಮಹಿಳಾ ಸಹಕಾರಿ ಸಂಘವನ್ನು ಕಟ್ಟಿದರು. ಕೈಮಗ್ಗ, ಸಸ್ಯಜನ್ಯ ಬಣ್ಣಗಳ ಕೆಲಸ ಸುತ್ತಲಿನ ಹೆಣ್ಣುಮಕ್ಕಳಿಗೆ ಸಂಪಾದನೆಯ ದಾರಿಯಾಯಿತು. ಒಂದು ಸಂಸ್ಥೆ ಗಟ್ಟಿಯಾಗಿ ನಿಂತರೆ ಅಕ್ಕಪಕ್ಕ ಇನ್ನೊಂದು ಚಿಗುರುತ್ತದೆ ಎಂಬುದನ್ನು ಹೆಗ್ಗೋಡಿನ ಸೀಮೆ ಕಂಡಿದೆ.

‘ಕವಿರಾಜಮಾರ್ಗ ಮತ್ತು ಕನ್ನಡ ಜಗತ್ತು’ ಕೃತಿಗೆ ಸುಬ್ಬಣ್ಣನವರಿಗೆ 2003ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಪದ್ಮಶ್ರೀಯೂ ಬಂತು. 2005ರ ಜುಲೈ 16ರಂದು ಅವರು ತೀರಿಕೊಂಡರು. ಸ್ಥಾಪಕರು ಹೋದ ಮೇಲೆ ಸಂಸ್ಥೆಗಳು ಒಡಕಿಗೆ ಬೀಳುವುದನ್ನು ಕನ್ನಡ ನಾಡು ಬೇಕಾದಷ್ಟು ನೋಡಿದೆ. ನೀನಾಸಂನಲ್ಲಿಯೂ ಭಿನ್ನಾಭಿಪ್ರಾಯಗಳು ಇಲ್ಲವೆಂದಲ್ಲ. ಊರ ಹವ್ಯಾಸಿ ತಂಡಕ್ಕೆಷ್ಟು ಜಾಗ, ವೃತ್ತಿಪರ ತಂಡಕ್ಕೆಷ್ಟು, ಹೊರಗಿನವರ ಮಾತಿಗೆಷ್ಟು ತೂಕ ಎಂಬ ಚರ್ಚೆ ಮೊದಲಿಂದಲೂ ಇದೆ. ಆದರೆ ಹೊಣೆ ಒಬ್ಬರ ಹೆಗಲಿನಿಂದ ಹಲವರ ಹೆಗಲಿಗೆ ಹಂಚಿಹೋಗಿದ್ದರಿಂದ ಕೆಲಸ ನಿಲ್ಲಲಿಲ್ಲ. ನಾಟಕಕಾರ, ನಿರ್ದೇಶಕ ಕೆ.ವಿ. ಅಕ್ಷರ ಮತ್ತು ಅವರ ಒಡನಾಡಿಗಳು ಶಾಲೆ, ತಿರುಗಾಟ, ಶಿಬಿರ ಮೂರನ್ನೂ ನಡೆಸಿಕೊಂಡು ಬಂದರು.

ಮುಂದಿನ ವರ್ಷಗಳ ಎದುರು

2020ರ ಪಿಡುಗು ಎಲ್ಲ ರಂಗಮಂದಿರಗಳಿಗೂ ಬಾಗಿಲು ಹಾಕಿಸಿತು. ಜನ ಒಟ್ಟು ಸೇರುವುದನ್ನೇ ಬದುಕಾಗಿ ನಂಬಿದ ಸಂಸ್ಥೆಗಳಿಗೆ ಅದು ಕಠಿಣ ಕಾಲ. ಅದಕ್ಕಿಂತ ನಿಧಾನವಾದ, ಆಳವಾದ ಬದಲಾವಣೆ ಊರಿನೊಳಗೇ ಆಗಿದೆ. ತೋಟದ ಮನೆಗಳ ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಅಡಿಕೆ ಸುಲಿಯಲು ಯಂತ್ರ ಬಂದಿದೆ, ಸುಲಿಯುವ ರಾತ್ರಿಗಳ ಮಾತು ತೆಳುವಾಗಿದೆ. ಜಗತ್ತಿನ ಯಾವ ಚಿತ್ರವೂ ಈಗ ಅಂಗೈಯ ಮೊಬೈಲಿನಲ್ಲಿ ಸಿಗುತ್ತದೆ. ಪುಣೆಯ ಡಬ್ಬಕ್ಕೆ ಕಾಯಬೇಕಾಗಿಲ್ಲ. ಹಾಗಿದ್ದರೆ ಇನ್ನು ಸಂಘಕ್ಕೇನು ಕೆಲಸ ಎಂದು ಕೇಳುವವರಿದ್ದಾರೆ. ನನಗೆ ಕೆಲಸ ಹೆಚ್ಚಾದಂತೆಯೇ ಕಾಣುತ್ತದೆ. ಒಬ್ಬೊಬ್ಬರೇ ನೋಡುವುದು ಸುಲಭವಾಗಿದೆ, ನಾಲ್ಕು ಜನ ಕೂತು ನೋಡಿ ವಾದಿಸುವುದು ಕಷ್ಟವಾಗಿದೆ. 1949ರ ಹುಡುಗರು ತುಂಬಲು ಹೊರಟ ಕೊರತೆ ಬೇರೊಂದು ರೂಪದಲ್ಲಿ ಮತ್ತೆ ಎದುರಿಗೆ ಬಂದು ನಿಂತಿದೆ.

ಎಪ್ಪತ್ತೈದು ತುಂಬಿದ ನೆಪದಲ್ಲಿ ಒಂದು ಕೆಲಸವನ್ನು ಸೀಮೆಯವರೆಲ್ಲ ಸೇರಿ ಕೈಗೆತ್ತಿಕೊಳ್ಳಬೇಕು. ಹಳೆಯ ನಾಟಕಗಳ ಕರಪತ್ರಗಳು, ಟಿಕೆಟ್ಟಿನ ಅಡಿಪುಸ್ತಕಗಳು, ಪಾತ್ರಧಾರಿಗಳು ಕೈಯಲ್ಲಿ ಬರೆದುಕೊಂಡ ಮಾತಿನ ಹಾಳೆಗಳು, ಗುಂಪಿನ ಫೋಟೋಗಳು ಮನೆಗಳ ಟ್ರಂಕುಗಳಲ್ಲಿ ಗೆದ್ದಲಿಗೆ ಸಿಗುವ ಮುಂಚೆ ಒಂದೆಡೆ ಸೇರಬೇಕು. ಚಪ್ಪರ ಕಟ್ಟಿದವರು, ಗ್ಯಾಸ್‌ಲೈಟು ಹಿಡಿದವರು, ತಂಡಕ್ಕೆ ಅಡುಗೆ ಬೇಯಿಸಿದ ಹೆಂಗಸರು, ಇವರ ಹೆಸರುಗಳು ಯಾವ ಪ್ರಶಸ್ತಿ ಪತ್ರದಲ್ಲೂ ಬಂದಿಲ್ಲ. ಈಗ ಎಂಬತ್ತು ತೊಂಬತ್ತರ ಅಂಚಿನಲ್ಲಿರುವವರನ್ನು ಕೂರಿಸಿ ಮಾತಾಡಿಸಿ ದಾಖಲಿಸಿಕೊಳ್ಳಲು ಉಳಿದಿರುವ ಕಾಲ ಹೆಚ್ಚಿಲ್ಲ. ರಂಗಶಿಕ್ಷಣ ಕೇಂದ್ರದ ವಿದ್ಯಾರ್ಥಿಗಳು ವರ್ಷಕ್ಕೊಬ್ಬರಂತೆ ಇದನ್ನು ಪಾಠದ ಭಾಗವಾಗಿ ಮಾಡಬಹುದು. ಸಾಗರದ ಕಾಲೇಜುಗಳ ಚರಿತ್ರೆಯ ಅಧ್ಯಾಪಕರು ಜೊತೆಗೂಡಬಹುದು. ಶತಮಾನೋತ್ಸವದ ಸಂಚಿಕೆ ಬರೆಯುವವರಿಗೆ 2049ರಲ್ಲಿ ಬೇಕಾಗುವ ಸಾಮಗ್ರಿ ಅದು, ಮತ್ತು ಅದನ್ನು ಕೂಡಿಡಬಲ್ಲವರು ಇಂದಿನವರು ಮಾತ್ರ.